ಮಗಳು ಕೋಳಿ ಹಿಡಿದು ಮೇಳಕ್ಕೆ ಹೊರಟಾಗ: ಅಮೆರಿಕದ ಕೌಂಟಿ ಫೇರ್‌ಗೆ ಮೊದಲ ವರ್ಷದ ತಯಾರಿ

ಮೂರು ವರ್ಷದ ಹಿಂದೆ ಮಗಳು ಸ್ಕೂಲಿನಿಂದ ಒಂದು ಹಸಿರು ಕಾಗದ ತಂದಳು. ಅದರಲ್ಲಿ ನಾಲ್ಕೆಲೆಯ ಚಿತ್ರ, ಒಂದೊಂದು ಎಲೆಯಲ್ಲೂ ಒಂದೊಂದು ಎಚ್ ಅಕ್ಷರ. "ಅಮ್ಮಾ, ನಾನು ಫೇರ್‌ನಲ್ಲಿ ಕೋಳಿ ತೋರಿಸಬೇಕು" ಅಂದಳು. ಫೇರ್ ಅಂದರೆ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಮೇಳ. ಯಾರಿಗೆ ತೋರಿಸೋದು, ಯಾಕೆ ತೋರಿಸೋದು, ನನಗೆ ಒಂದೂ ತಿಳಿಯಲಿಲ್ಲ. ತುಮಕೂರು ಕಡೆ ನಮ್ಮಜ್ಜಿ ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಸಾಕಿದ್ದರು. ಸಂಜೆಯಾದರೆ ಅವನ್ನೆಲ್ಲ ಒಟ್ಟು ಮಾಡಿ ಮಕ್ಕರಿ ಕವುಚಿ ಮೇಲೊಂದು ಕಲ್ಲು ಇಡುತ್ತಿದ್ದರು. ಕೋಳಿ ಸಾಕೋದು ಅಂದರೆ ನನ್ನ ಮಟ್ಟಿಗೆ ಅಷ್ಟೇ. ಅದಕ್ಕೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಜುಟ್ಟಿಗೆ ಎಣ್ಣೆ ಸವರಿ, ಬಿಳಿ ಕೋಟು ತೊಟ್ಟ ಮಗು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಜಡ್ಜ್ ಮುಂದೆ ನಿಂತು ಪ್ರಶ್ನೆಗೆ ಉತ್ತರ ಹೇಳುವ ಒಂದು ಲೋಕ ಇದೆ ಅಂತ ಗೊತ್ತೇ ಇರಲಿಲ್ಲ.

ನಾವಿರುವುದು ಓಹಾಯೋದಲ್ಲಿ, ಕೊಲಂಬಸ್‌ನಿಂದ ಒಂದು ಗಂಟೆಯ ದಾರಿ. ಈಗ ಕನ್ನಡದವರು ಯಾರಾದರೂ ಸಿಕ್ಕಿದರೆ, ಅವರ ಮಕ್ಕಳೂ ಕೋಳಿ ಬೇಕು ಅಂತ ಹಟ ಹಿಡಿದಿದ್ದರೆ, ನನ್ನನ್ನೇ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಗಂಟೆಗಟ್ಟಲೆ ಹೇಳುವ ಬದಲು ಒಂದು ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಆ ನಾಲ್ಕೆಲೆಯ ವಿಷಯ. ಅದು ಫೋರ್-ಎಚ್ ಅನ್ನುವ ಮಕ್ಕಳ ಸಂಘಟನೆಯ ಗುರುತು, ಮಕ್ಕಳು ಫೇರ್‌ನಲ್ಲಿ ಕೋಳಿ ತೋರಿಸುವುದು ಹೆಚ್ಚಾಗಿ ಇದರ ಮೂಲಕ. ಹೆಡ್, ಹಾರ್ಟ್, ಹ್ಯಾಂಡ್ಸ್, ಹೆಲ್ತ್. ಇದು ಹುಟ್ಟಿದ್ದೇ ಓಹಾಯೋದಲ್ಲಿ ಅನ್ನುತ್ತಾರೆ ಇಲ್ಲಿಯವರು. 1902ರಲ್ಲಿ ಕ್ಲಾರ್ಕ್ ಕೌಂಟಿಯ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿ ಮಕ್ಕಳನ್ನು ಸ್ಪ್ರಿಂಗ್‌ಫೀಲ್ಡ್ ಊರಿನ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿಸಿ ಶುರು ಮಾಡಿದ ಕ್ಲಬ್ ಅದರ ಬೇರು. 1914ರಲ್ಲಿ ಸ್ಮಿತ್-ಲೀವರ್ ಕಾಯ್ದೆ ಬಂದ ಮೇಲೆ ಇದು ಕೃಷಿ ಕಲಿಸುವ ವಿಶ್ವವಿದ್ಯಾಲಯಗಳ ಎಕ್ಸ್‌ಟೆನ್ಶನ್ ಕೆಲಸದ ಜೊತೆ ಸೇರಿಕೊಂಡಿತು. ಬೆಂಗಳೂರಿನಲ್ಲಿ ಜಿಕೆವಿಕೆಯವರು ಕೃಷಿ ಮೇಳ ಮಾಡಿ, ರೈತರಿಗೆ ಹೊಸ ತಳಿ ತೋರಿಸಿ, ಸಲಹೆ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ ಕೆಲಸ ಮಾಡುವ ಎಕ್ಸ್‌ಟೆನ್ಶನ್ ಆಫೀಸು ಇಲ್ಲಿ ಪ್ರತಿ ಕೌಂಟಿಗೂ ಇದೆ. ನೀವು ಮೊದಲು ಫೋನ್ ಮಾಡಬೇಕಾದದ್ದು ಅಲ್ಲಿಗೆ. ಕೋಳಿ ಅಂಗಡಿಗಲ್ಲ.

ವಯಸ್ಸು? 5ರಿಂದ 7 ವರ್ಷದ ಪುಟಾಣಿಗಳನ್ನು ಕ್ಲೋವರ್‌ಬಡ್ ಅನ್ನುತ್ತಾರೆ. ಅವರಿಗೆ ಸ್ಪರ್ಧೆ ಇಲ್ಲ, ಸುಮ್ನೆ ಬಂದು ಖುಷಿಪಟ್ಟು ಹೋಗಬಹುದು. ಸ್ಪರ್ಧೆ ಸಾಮಾನ್ಯವಾಗಿ 8 ವರ್ಷದಿಂದ. ಹೈಸ್ಕೂಲು ಮಕ್ಕಳಿಗೆ ಎಫ್‌ಎಫ್‌ಎ ಅಂತ, ಕೃಷಿ ಕಲಿಯುವ ವಿದ್ಯಾರ್ಥಿಗಳ ಸಂಘ, ಇನ್ನೊಂದು ದಾರಿಯೂ ಇದೆ.

ಇನ್ನು ಎಲ್ಲರೂ ಎಡವುವ ಒಂದು ಗೊಂದಲ. ಫೇರ್‌ನಲ್ಲಿ ಕೋಳಿ ತೋರಿಸೋದು ಅಂದರೆ ಒಂದೇ ಸ್ಪರ್ಧೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಮೂರು ಇವೆ. ಮೂರಕ್ಕೂ ತಯಾರಿ ಬೇರೆ. ಒಂದು, ತಳಿ ಕೋಳಿಯ ಸ್ಪರ್ಧೆ. ಇಲ್ಲಿ ಜಡ್ಜ್ ನೋಡೋದು ಕೋಳಿಯನ್ನು ಮಾತ್ರ. ಆ ತಳಿಗೆ ಬರೆದಿಟ್ಟ ಲಕ್ಷಣಕ್ಕೆ ಅದು ಎಷ್ಟು ಹತ್ತಿರ ಇದೆ ಅಂತ. ಇನ್ನೊಂದು, ಶೋಮನ್‌ಶಿಪ್. ಇಲ್ಲಿ ಜಡ್ಜ್ ನೋಡೋದು ಮಗುವನ್ನು. ಕೋಳಿಯನ್ನು ಹೇಗೆ ಹಿಡಿಯುತ್ತದೆ, ಹೇಗೆ ಪರೀಕ್ಷಿಸಿ ತೋರಿಸುತ್ತದೆ, ಅದರ ಬಗ್ಗೆ ಎಷ್ಟು ಗೊತ್ತು. ಮೂರನೆಯದು ಮಾರ್ಕೆಟ್ ಕ್ಲಾಸ್, ಅಂದರೆ ಮಾಂಸದ ಕೋಳಿ. ಕಾರ್ನಿಷ್ ಕ್ರಾಸ್ ಅನ್ನುವ ಬಿಳಿ ಬ್ರಾಯ್ಲರ್ ಮರಿಗಳನ್ನು ತಂದು ಆರರಿಂದ ಎಂಟು ವಾರ ಬೆಳೆಸಿ, ಒಂದೇ ಅಳತೆಯ ಮೂರನ್ನು ಆರಿಸಿ ಒಂದು ಗುಂಪು ಅಂತ ತೋರಿಸುವುದು ವಾಡಿಕೆ.

ಈ ಮೂರನೆಯದರ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಮಾರ್ಕೆಟ್ ಕೋಳಿ ಫೇರ್‌ನಿಂದ ಮನೆಗೆ ವಾಪಸ್ ಬರುವುದಿಲ್ಲ. ಹರಾಜು ಆಗುತ್ತದೆ, ಊರಿನ ಅಂಗಡಿಯವರು, ಬ್ಯಾಂಕಿನವರು ಮಕ್ಕಳಿಗೆ ಪ್ರೋತ್ಸಾಹ ಅಂತ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಆಮೇಲೆ ಕೋಳಿ ಕಸಾಯಿಖಾನೆಗೆ ಹೋಗುತ್ತದೆ. ತಪ್ಪು ಸರಿ ಅಂತ ನಾನು ಹೇಳುತ್ತಿಲ್ಲ, ಇಲ್ಲಿಯ ರೈತರ ಮಕ್ಕಳು ಇದನ್ನು ನೋಡಿಕೊಂಡೇ ಬೆಳೆಯುತ್ತಾರೆ. ಆದರೆ ಹೆಸರಿಟ್ಟು, ತೊಡೆ ಮೇಲೆ ಕೂರಿಸಿಕೊಂಡು ಸಾಕಿದ ಕೋಳಿ ಹರಾಜಾದ ದಿನ ಅಳುವ ಮಕ್ಕಳನ್ನು ನಾನು ನೋಡಿದ್ದೇನೆ. ಫಾರಂ ತುಂಬುವ ಮುಂಚೆ ಮಗುವಿನ ಹತ್ತಿರ ಮಾತಾಡಿ. ಮನೆಯಲ್ಲಿ ಸಸ್ಯಾಹಾರಿಗಳಾಗಿದ್ದರೆ ತಳಿ ಕೋಳಿ ಮತ್ತು ಶೋಮನ್‌ಶಿಪ್ ಎರಡೇ ಸಾಕು, ಯಾರೂ ಏನೂ ಅನ್ನುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಮೊದಲ ವರ್ಷ ಶೋಮನ್‌ಶಿಪ್ ಮೇಲೆ ಗಮನ ಇಡಿ. ಕೋಳಿ ಸಾಧಾರಣ ಇದ್ದರೂ ಪರವಾಗಿಲ್ಲ, ಮಗು ಚೆನ್ನಾಗಿ ಕಲಿತಿದ್ದರೆ ಸಾಕು. ತಳಿ ಸ್ಪರ್ಧೆಯಲ್ಲಿ ಗೆಲ್ಲುವ ಕೋಳಿಯನ್ನು ದುಡ್ಡು ಕೊಟ್ಟು ತರಬಹುದು. ಶೋಮನ್‌ಶಿಪ್ ಅನ್ನು ತರೋಕಾಗಲ್ಲ.

ಕೋಳಿ ತರುವ ಮೊದಲು ಊರಿನ ನಿಯಮ ನೋಡಿಕೊಳ್ಳಿ. ಎಷ್ಟೋ ಊರುಗಳಲ್ಲಿ ಮನೆ ಹಿಂದೆ ಇಷ್ಟೇ ಕೋಳಿ ಅಂತ ಲೆಕ್ಕ ಇರುತ್ತದೆ, ಹುಂಜ ಇಡಲೇಬಾರದು ಅಂತಲೂ ಇರುತ್ತದೆ. ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ, ಇರುವ ಬಡಾವಣೆಯಾದರೆ ಒಂದೂ ಇಡುವ ಹಾಗಿಲ್ಲ ಅನ್ನಬಹುದು. ಹಾಗಾದರೆ ಮಗುವಿನ ಆಸೆ ಮುಗಿಯಿತು ಅಂತಲ್ಲ. ಕೆಲವು ಕಡೆ ಇನ್ನೊಬ್ಬರ ಜಾಗದಲ್ಲಿ ಕೋಳಿ ಇಟ್ಟು, ಮಗು ಹೋಗಿ ನೋಡಿಕೊಂಡು ಬರಬಹುದು. ಕೋಳಿಯೇ ಇಲ್ಲದ ಪ್ರಾಜೆಕ್ಟುಗಳೂ ಇವೆ. ಮೊಟ್ಟೆಯನ್ನು ಕಾವಿನ ಪೆಟ್ಟಿಗೆಯಲ್ಲಿಟ್ಟು 21 ದಿನ ಒಳಗೆ ಏನಾಗುತ್ತದೆ ಅಂತ ಬೆಳಕು ಹಿಡಿದು ನೋಡಿ ಬರೆಯುವುದು ಒಂದು. ಪೌಲ್ಟ್ರಿ ಜಡ್ಜಿಂಗ್ ಅನ್ನುವ ಸ್ಪರ್ಧೆಯಲ್ಲಂತೂ ಮಕ್ಕಳೇ ಮೊಟ್ಟೆಗಳಿಗೆ ಎಎ, ಎ, ಬಿ ಅಂತ ದರ್ಜೆ ಕೊಟ್ಟು, ಯಾಕೆ ಅಂತ ಹೇಳಬೇಕು.

ಈಗ ಕ್ಯಾಲೆಂಡರ್. ನಾವು ಮೊದಲು ಸೋತಿದ್ದು ಇಲ್ಲೇ. ಏಪ್ರಿಲ್‌ನಲ್ಲಿ ಫೀಡ್ ಅಂಗಡಿಗೆ ಹೋದರೆ ತೊಟ್ಟಿ ತುಂಬಾ ಹಳದಿ ಮರಿಗಳು ಚಿಲಿಪಿಲಿ ಅನ್ನುತ್ತಿರುತ್ತವೆ, ಮಗು ಬಿಡುವುದಿಲ್ಲ, ನೀವೂ ಕರಗುತ್ತೀರಿ. ಆದರೆ ಜುಲೈ ಕೊನೆಯ ಫೇರ್‌ಗೆ ಆ ಮರಿಗೆ ಇನ್ನೂ ಮೂರೂವರೆ ತಿಂಗಳು. ಉದ್ದ ಕಾಲು, ಅರೆಬರೆ ಪುಕ್ಕ, ಬೆಳೆಯದ ಜುಟ್ಟು, ಥೇಟ್ ಹೈಸ್ಕೂಲು ಹುಡುಗರ ಹಾಗೆ. ಕೋಳಿ ತನ್ನ ಪೂರ್ತಿ ರೂಪಕ್ಕೆ ಬರಲು ಆರು ತಿಂಗಳಾದರೂ ಬೇಕು, ದೊಡ್ಡ ತಳಿಗಳಿಗೆ ಇನ್ನೂ ಜಾಸ್ತಿ. ಅಂದರೆ ಜುಲೈ ಫೇರ್‌ಗೆ ಮರಿ ಒಡೆಯಬೇಕಾದದ್ದು ಜನವರಿಯಲ್ಲಿ, ತಡ ಅಂದರೆ ಫೆಬ್ರವರಿ. ಹಾಗೆ ಆಗದಿದ್ದರೆ ಹಿಂದಿನ ವರ್ಷದ ಬೆಳೆದ ಹೇಂಟೆಯನ್ನೇ ತನ್ನಿ. ಮೊದಲ ಸಲದ ಮಗುವಿಗೆ ಅದೇ ವಾಸಿ ಅನ್ನಿಸುತ್ತದೆ ನನಗೆ. ಆದರೆ ಇಂಥ ತಾರೀಖಿನೊಳಗೆ ಕೋಳಿ ಮಗುವಿನ ಹೆಸರಿನಲ್ಲಿ, ಮಗುವಿನ ಕೈಯಲ್ಲಿ ಇರಬೇಕು ಅಂತ ಪ್ರತಿ ಕೌಂಟಿಯ ನಿಯಮ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕವನ್ನು ಎರಡು ಸಲ ಓದಿ. ಬೇಜಾರಾಗುತ್ತದೆ, ಆದರೂ ಓದಿ.

ಯಾವ ತಳಿ? ಇದಕ್ಕೆ ಒಂದು ಶಾಸ್ತ್ರಗ್ರಂಥವೇ ಇದೆ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅನ್ನುವ ಸಂಘ 1873ರಲ್ಲಿ ಹುಟ್ಟಿತು, ಮರುವರ್ಷವೇ ತಳಿಗಳ ಲಕ್ಷಣಗಳ ಪುಸ್ತಕ ಹೊರತಂದಿತು. ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್ ಅಂತ ಅದರ ಹೆಸರು, ಇವತ್ತಿಗೂ ತಿದ್ದಿ ತಿದ್ದಿ ಅಚ್ಚು ಹಾಕುತ್ತಾರೆ. ಒಂದೊಂದು ತಳಿಗೂ ಜುಟ್ಟು ಹೇಗಿರಬೇಕು, ಕಿವಿಯ ಹಾಲೆ ಕೆಂಪೋ ಬಿಳಿಯೋ, ಬಾಲ ಎಷ್ಟು ಎತ್ತರ, ಕಾಲಿನ ಬಣ್ಣ ಏನು, ಬೆರಳು ನಾಲ್ಕೋ ಐದೋ, ತೂಕ ಎಷ್ಟು, ಎಲ್ಲ ಬರೆದಿದೆ. ನಮ್ಮಲ್ಲಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಸುಳಿ ನೋಡಿ, ಕೊಂಬು ನೋಡಿ, ಗೊರಸು ನೋಡಿ ಮಾತಾಡುತ್ತಾರಲ್ಲ, ಆ ಎಲ್ಲ ಮಾತನ್ನೂ ಬರೆದಿಟ್ಟ ಹಾಗೆ.

ಕೋಳಿ ಪ್ರದರ್ಶನದ ಹುಚ್ಚು ಅದಕ್ಕಿಂತ ಹಳೆಯದು. 1849ರಲ್ಲಿ ಬಾಸ್ಟನ್ನಿನ ಪಬ್ಲಿಕ್ ಗಾರ್ಡನ್‌ನಲ್ಲಿ ಕೋಳಿ ಪ್ರದರ್ಶನ ಆದಾಗ ಹತ್ತು ಸಾವಿರ ಜನ ಸೇರಿದ್ದರಂತೆ. ಆ ಕಾಲದ ಹುಚ್ಚಿಗೆ ಕೋಳಿ ಜ್ವರ ಅಂತಲೇ ಹೆಸರು ಬಿತ್ತು. ಅದಕ್ಕೆ ಕಾರಣ ಏಷ್ಯಾದಿಂದ ಹಡಗಿನಲ್ಲಿ ಬಂದ ದೈತ್ಯ ಕೋಳಿಗಳು. ಅವುಗಳಿಂದ ಬೆಳೆದ ಒಂದು ತಳಿಯ ಹೆಸರು ಕೇಳಿದರೆ ನೀವು ನಗುತ್ತೀರಿ. ಬ್ರಹ್ಮ! ಇಲ್ಲಿಯವರು ಬ್ರಾಮಾ ಅನ್ನುತ್ತಾರೆ. ಶಾಂಘೈ ಕಡೆಯ ಕೋಳಿಗೆ ಚಿತ್ತಗಾಂಗ್ ಕಡೆಯ ರಕ್ತವೂ ಸೇರಿದೆ ಅನ್ನುತ್ತಾರೆ, ಹೆಸರು ಬಂದದ್ದು ಬ್ರಹ್ಮಪುತ್ರ ನದಿಯಿಂದ. 1852ರಲ್ಲಿ ಜಾರ್ಜ್ ಬರ್ನ್‌ಹ್ಯಾಂ ಎಂಬ ಕೋಳಿ ವ್ಯಾಪಾರಿ ಇಂಥ ಕೋಳಿಗಳನ್ನು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೇ ಕಾಣಿಕೆ ಕಳಿಸಿ ಒಳ್ಳೆ ಪ್ರಚಾರ ಗಿಟ್ಟಿಸಿಕೊಂಡ. ನಮ್ಮ ಮಗಳು ಹೆಸರು ಕೇಳಿದ ತಕ್ಷಣ ಇದೇ ಬೇಕು ಅಂದಳು.

ಆದರೆ ದೊಡ್ಡ ಬ್ರಹ್ಮ ಹೇಂಟೆ ಅಂದರೆ ನಾಲ್ಕು ಕಿಲೋ ಮೇಲೆ, ಹುಂಜ ಐದು ದಾಟುತ್ತದೆ. ಒಂಬತ್ತು ವರ್ಷದ ಮಗು ಅದನ್ನು ಹತ್ತು ನಿಮಿಷ ಮೊಣಕೈ ಮೇಲೆ ಹಿಡಿದು ನಿಲ್ಲೋದು ಸಾಧ್ಯವೇ ಇಲ್ಲ. ಇಲ್ಲೇ ಬ್ಯಾಂಟಮ್ ಬರುತ್ತದೆ. ಅಂದರೆ ಕುಳ್ಳ ಕೋಳಿ. ಎಷ್ಟೋ ತಳಿಗಳಿಗೆ ಅದೇ ರೂಪದ ಕುಳ್ಳ ಆವೃತ್ತಿ ಇದೆ, ತೂಕ ಒಂದು ಕಿಲೋ ಆಸುಪಾಸು. ತಿನ್ನೋದು ಕಡಿಮೆ, ಜಾಗ ಕಡಿಮೆ, ಪುಟ್ಟ ಕೈಗೆ ಸಲೀಸು. ಕೊಚಿನ್ ಬ್ಯಾಂಟಮ್, ಸಿಲ್ಕಿ, ಬ್ರಹ್ಮ ಬ್ಯಾಂಟಮ್ ಇವೆಲ್ಲ ಸಾಧು ಸ್ವಭಾವದವು. ದೊಡ್ಡದೇ ಬೇಕು ಅಂದರೆ ಬಫ್ ಆರ್ಪಿಂಗ್ಟನ್, ಪ್ಲಿಮತ್ ರಾಕ್ ನೋಡಿ. ಲೆಗ್‌ಹಾರ್ನ್ ಬೇಡ. ಮೊಟ್ಟೆಗೆ ಸೈ, ಆದರೆ ನೆರಳು ಕಂಡರೂ ಹಾರುತ್ತದೆ. ಸಿಲ್ಕಿಯ ಪುಕ್ಕ ಹತ್ತಿಯ ಹಾಗೆ, ಮಕ್ಕಳಿಗೆ ಪಂಚಪ್ರಾಣ, ಮಳೆಯಲ್ಲಿ ನೆನೆದರೆ ಮಾತ್ರ ನೋಡಲಾಗುವುದಿಲ್ಲ. ನಮ್ಮ ದೇಶದ್ದೇ ಆದ ಅಸೀಲ್ ಕೂಡ ಇಲ್ಲಿಯ ಪುಸ್ತಕದಲ್ಲಿದೆ, ಹೌದು, ಕೋಳಿ ಅಂಕದಲ್ಲಿ ಬಿಡುವ ಅದೇ ಅಸೀಲ್. ಮೊದಲ ವರ್ಷಕ್ಕೆ ಅದರ ಹುಂಜದ ಗೊಡವೆ ಬೇಡ.

ಒಂದು ಸಣ್ಣ ಸೂಕ್ಷ್ಮ. ದೊಡ್ಡ ಬ್ರಹ್ಮ ಬರುವುದು ಏಷಿಯಾಟಿಕ್ ಅನ್ನುವ ಗುಂಪಿನಲ್ಲಿ. ಅದೇ ಬ್ರಹ್ಮ ಬ್ಯಾಂಟಮ್ ಆದರೆ ಗುಂಪು ಬೇರೆ, ಕಾಲಿಗೆ ಪುಕ್ಕ ಇರುವ ಬ್ಯಾಂಟಮ್‌ಗಳದ್ದು. ದೊಡ್ಡ ಕೋಳಿಗಳನ್ನು ಮೂಲ ಊರಿನ ಪ್ರಕಾರ ಗುಂಪು ಮಾಡುತ್ತಾರೆ, ಬ್ಯಾಂಟಮ್‌ಗಳನ್ನು ಹೆಚ್ಚಾಗಿ ಜುಟ್ಟು ಮತ್ತು ಕಾಲು ನೋಡಿ. ಫಾರಂ ತುಂಬುವಾಗ ಎಲ್ಲರೂ ಇಲ್ಲಿ ತಪ್ಪುತ್ತಾರೆ. ಇನ್ನೊಂದು ತಪ್ಪು ವಯಸ್ಸಿನದು. ವರ್ಷದೊಳಗಿನ ಹೆಣ್ಣು ಪುಲೆಟ್, ಗಂಡು ಕಾಕರೆಲ್. ವರ್ಷ ದಾಟಿದರೆ ಹೆನ್, ಕಾಕ್.

ಎಲ್ಲಿಂದ ತರೋದು ಅನ್ನೋದು ಮುಂದಿನ ಪ್ರಶ್ನೆ. ಹ್ಯಾಚರಿಯಿಂದ ಅಂಚೆಯಲ್ಲಿ ಮರಿ ತರಿಸಬಹುದು, ತಮಾಷೆ ಅಲ್ಲ. 1918ರಿಂದ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಡಬ್ಬಿಯಲ್ಲಿ ಸಾಗಿಸುತ್ತಿದೆ. ಮೊಟ್ಟೆ ಒಡೆಯುವ ಮುಂಚೆ ಮರಿ ಒಳಗಿನ ಹಳದಿಯನ್ನೆಲ್ಲ ಹೊಟ್ಟೆಗೆ ಎಳೆದುಕೊಂಡಿರುತ್ತದೆ, ಹಾಗಾಗಿ ಎರಡು ಮೂರು ದಿನ ನೀರು ಕಾಳು ಇಲ್ಲದೆ ಬದುಕುತ್ತದೆ. ಬೆಳಗ್ಗೆ ಆರಕ್ಕೆ ಪೋಸ್ಟಾಫೀಸಿನಿಂದ ಫೋನ್ ಬಂತು, ಹಿಂದೆ ಚಿಂವ್ ಚಿಂವ್ ಸದ್ದು, "ನಿಮ್ಮ ಪಾರ್ಸೆಲ್ ಬಹಳ ಗಲಾಟೆ ಮಾಡುತ್ತಿದೆ" ಅಂದರು.

ಆದರೆ ಹ್ಯಾಚರಿಯವರು ಬೆಳೆಸುವುದು ಮೊಟ್ಟೆಗೋಸ್ಕರ, ಸಂಖ್ಯೆಗೋಸ್ಕರ. ಲಕ್ಷಣಕ್ಕೋಸ್ಕರ ಅಲ್ಲ. ನಮ್ಮ ಮೊದಲ ಕೋಳಿ ಪಟ್ಟೆ ಪಟ್ಟೆಯ ಪ್ಲಿಮತ್ ರಾಕ್. ನೋಡಲು ಚೆಂದ. ಫೇರ್‌ನಲ್ಲಿ ಪಂಜರದ ಚೀಟಿ ನೋಡಿದರೆ ಡಿಕ್ಯೂ ಅಂತ ಬರೆದಿದೆ, ಅಂದರೆ ಸ್ಪರ್ಧೆಗೇ ಅನರ್ಹ. ಕಾರಣ, ಗರಗಸದಂಥ ನೇರ ಜುಟ್ಟಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಂದು ಮುಳ್ಳು. ನಾವು ತಿಂಗಳುಗಟ್ಟಲೆ ದಿನಾ ನೋಡಿದ ಜುಟ್ಟು, ಒಬ್ಬರಿಗೂ ಕಂಡಿರಲಿಲ್ಲ. ಇಂಥವು ಇನ್ನೂ ಇವೆ. ಬಾಲ ಒಂದು ಕಡೆಗೆ ತಿರುಚಿರುವುದು, ಬಾಲ ಅಳಿಲಿನ ಹಾಗೆ ಬೆನ್ನಿನ ಮೇಲೆ ಬಾಗುವುದು, ಬೋಳು ಕಾಲಿನ ತಳಿಯಲ್ಲಿ ಬೆರಳ ಸಂದಿಗೆ ಒಂದು ಎಳೆ ಪುಕ್ಕ ಮೂಡುವುದು. ಅದೇ ವರ್ಷ ನವೆಂಬರ್‌ನಲ್ಲಿ ಕೊಲಂಬಸ್‌ನಲ್ಲಿ ನಡೆಯುವ ಓಹಾಯೋ ನ್ಯಾಷನಲ್ ಪೌಲ್ಟ್ರಿ ಶೋಗೆ ಹೋದೆವು. ಸಾಲು ಸಾಲು ಪಂಜರ, ಕಿವಿ ಕಿವುಡಾಗುವಷ್ಟು ಕೂಗು. ಅಲ್ಲಿ ತಳಿ ಬೆಳೆಸುವವರೇ ಸಿಗುತ್ತಾರೆ. ಮಗುವಿಗೆ ಅಂತ ಹೇಳಿ, ನೇರವಾಗಿ ಕೇಳಿ. ಸುಮಾರು ಜನ ಗೆಲ್ಲುವ ಕೋಳಿ ಕೊಡುವುದಿಲ್ಲ, ಆದರೆ ದೋಷವಿಲ್ಲದ, ಕೈಗೆ ಪಳಗಿದ ಹೇಂಟೆಯನ್ನು ಪ್ರೀತಿಯಿಂದ ಆರಿಸಿ ಕೊಡುತ್ತಾರೆ. ನಮ್ಮ ಲೈಟ್ ಬ್ರಹ್ಮ ಬ್ಯಾಂಟಮ್ ಬಂದದ್ದು ಹಾಗೆ. ಮೈ ಬಿಳಿ, ಕತ್ತಿನ ಪುಕ್ಕದಲ್ಲಿ ಕಪ್ಪು ಗೆರೆ, ಕಪ್ಪು ಬಾಲ. ಹೆಸರು ಸರಸ್ವತಿ. ಬ್ರಹ್ಮ ತಳಿಯ ಹೆಣ್ಣು, ಇನ್ನೇನು ಇಡೋದು ಹೇಳಿ!

ಮರಿಯಿಂದ ಸಾಕುವುದಾದರೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಸೆಲ್ಸಿಯಸ್ ಕಾವು, ಆಮೇಲೆ ವಾರಕ್ಕೆ 5 ಫ್ಯಾರನ್‌ಹೀಟ್‌ನಂತೆ ಇಳಿಸುತ್ತಾ ಬನ್ನಿ. ಥರ್ಮಾಮೀಟರ್‌ಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ. ದೀಪದ ಕೆಳಗೆ ಒತ್ತಿಕೊಂಡಿದ್ದರೆ ಚಳಿ, ಗೋಡೆಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ಮೊಟ್ಟೆ ಇಡುವ ಕೋಳಿಯ ಆಹಾರವನ್ನು ಮರಿಗೆ ಹಾಕಬೇಡಿ, ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮೂತ್ರಪಿಂಡ ಹಾಳಾಗುತ್ತದೆ. ಬಿಳಿ ಮತ್ತು ಬಫ್ (ತಿಳಿ ಹೊಂಬಣ್ಣ) ಬಣ್ಣದ ಕೋಳಿಯನ್ನು ಫೇರ್‌ಗೆ ಮುಂಚಿನ ವಾರಗಳಲ್ಲಿ ನೆರಳಲ್ಲಿಡಿ, ಬಿಸಿಲಿಗೆ ಬಣ್ಣ ಕೆಡುತ್ತದೆ. ಉಳಿದದ್ದು ಎಲ್ಲಾ ಕಡೆ ಸಿಗುವ ಮಾಹಿತಿ, ಇಲ್ಲಿ ಬೇಡ.

ಶೋಮನ್‌ಶಿಪ್‌ಗೆ ಬರುತ್ತೇನೆ, ಅಸಲು ವಿಷಯ ಇದೇ.

ಕೋಳಿಯನ್ನು ಪಂಜರದಿಂದ ತೆಗೆಯೋದರಲ್ಲೇ ಅಂಕ ಶುರು. ಬಾಗಿಲ ಕಡೆಗೆ ತಲೆ ಬರುವ ಹಾಗೆ ಕೋಳಿಯನ್ನು ತಿರುಗಿಸಿ, ಒಂದು ಕೈ ಎದೆ ಕೆಳಗೆ ತೂರಿಸಿ, ಕಾಲುಗಳನ್ನು ಬೆರಳ ಸಂದಿಯಲ್ಲಿ ಭದ್ರವಾಗಿ ಹಿಡಿದು, ತಲೆ ಮೊದಲು ಹೊರಗೆ ತರಬೇಕು. ವಾಪಸ್ ಇಡುವಾಗಲೂ ತಲೆ ಮೊದಲು. ಯಾಕೆ ಅಂದರೆ ಬಾಲ ಮೊದಲು ಎಳೆದರೆ ರೆಕ್ಕೆ ಬಿಚ್ಚಿಕೊಂಡು ಕಂಬಿಗೆ ಸಿಕ್ಕಿ ಗರಿ ಮುರಿಯುತ್ತದೆ. ಮುರಿದ ಗರಿ ಮುಂದಿನ ಪುಕ್ಕ ಉದುರುವ ಕಾಲದವರೆಗೂ ಹಾಗೇ ಇರುತ್ತದೆ. ಹೊರಗೆ ಬಂದ ಕೋಳಿ ಮಗುವಿನ ಮುಂಗೈ ಮೇಲೆ ಎದೆಯಿಟ್ಟು ಮಲಗಿದ ಹಾಗೆ ಇರಬೇಕು, ತಲೆ ಮೊಣಕೈ ಕಡೆಗೆ, ಮೈ ಮಗುವಿನ ಮೈಗೆ ಒರಗಿ. ಕಾಲು ಹಿಡಿದು ತಲೆಕೆಳಗೆ ತೂಗಾಡಿಸಿಕೊಂಡು ಹೋಗುವುದು ನಮ್ಮ ಸಂತೆಯಲ್ಲಿ ಸರಿ, ಇಲ್ಲಿ ಅಲ್ಲ!

ಆಮೇಲೆ ಪರೀಕ್ಷೆ, ಕ್ರಮವಾಗಿ. ಮೊದಲು ತಲೆ. ಜುಟ್ಟು, ಕಣ್ಣು, ಕೊಕ್ಕು ತೋರಿಸಬೇಕು. ಆಮೇಲೆ ಒಂದು ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಬೇಕು. ಹೊರಗಿನ ದೊಡ್ಡ ಗರಿಗಳು ಸಾಮಾನ್ಯವಾಗಿ ಹತ್ತು, ನಡುವೆ ಒಂದು ಗಿಡ್ಡ ಗರಿ, ಅದರಾಚೆ ಎರಡನೇ ಸಾಲು. ಆ ಗಿಡ್ಡ ಗರಿಯ ಹೆಸರು ಏನು ಅಂತ ಜಡ್ಜ್ ಕೇಳೇ ಕೇಳುತ್ತಾರೆ. ಆಕ್ಸಿಯಲ್. ಇನ್ನೊಂದು ರೆಕ್ಕೆಯೂ ಹಾಗೇ. ಆಮೇಲೆ ಬೆನ್ನಿನ ಪುಕ್ಕ ಸರಿಸಿ ಒಳಬಣ್ಣ ತೋರಿಸುವುದು. ಹೇನು, ನುಸಿ ಇದ್ದರೆ ಇಲ್ಲೇ ಬಯಲು. ಆಮೇಲೆ ಮೈ ಅಗಲ, ಎದೆ ಮೂಳೆ ನೇರ ಇದೆಯಾ ಅಂತ ಬೆರಳಾಡಿಸಿ ನೋಡುವುದು. ಆಮೇಲೆ ಹೊಟ್ಟೆಯ ಭಾಗ. ಹಿಂದೆ ಎರಡು ತೆಳು ಮೂಳೆಗಳಿವೆಯಲ್ಲ, ಅವುಗಳ ನಡುವೆ ಬೆರಳಿಟ್ಟು ಅಳೆಯಬೇಕು. ಎರಡು ಮೂರು ಬೆರಳು ಹಿಡಿಸಿದರೆ ಮೊಟ್ಟೆ ಇಡುತ್ತಿರುವ ಹೇಂಟೆ, ಒಂದೇ ಬೆರಳಾದರೆ ನಿಲ್ಲಿಸಿದೆ ಅಂತ. ಮಗಳು ಇದನ್ನು ಕಲಿಯುವಾಗ ನನಗೆ ಅಜ್ಜಿ ನೆನಪಾದರು. ಅವರೂ ಕೋಳಿ ಹಿಡಿದು ಹಿಂದೆ ಬೆರಳಿಟ್ಟು ನೋಡಿ "ನಾಳೆ ಇಡ್ತದೆ" ಅನ್ನುತ್ತಿದ್ದರು, ಹೆಚ್ಚಾಗಿ ಇಡುತ್ತಲೂ ಇತ್ತು. ಕೊನೆಗೆ ಕಾಲು, ಬೆರಳು, ಉಗುರು.

ಇಷ್ಟನ್ನೂ ಮಗು ಕೋಳಿಗೆ ಗಾಬರಿ ಮಾಡದೆ, ಜಡ್ಜ್ ಮುಖ ನೋಡುತ್ತಾ, ಬಾಯಲ್ಲಿ ವಿವರಿಸುತ್ತಾ ಮಾಡಬೇಕು. ಇದು ಒಂದು ವಾರದಲ್ಲಿ ಬರುವ ವಿದ್ಯೆಯಲ್ಲ. ನಾವು ಮಾಡಿದ್ದು ಇಷ್ಟು. ದಿನಾ ಸಂಜೆ ಹತ್ತು ನಿಮಿಷ, ಅದೇ ಹೊತ್ತಿಗೆ, ಸರಸ್ವತಿ ಮಗಳ ಕೈ ಮೇಲೆ. ಮೊದಲ ವಾರ ಸುಮ್ನೆ ಕೂರಿಸಿಕೊಳ್ಳುವುದು, ಎರಡು ಕಾಳು ಕೊಡುವುದು. ಎರಡನೇ ವಾರದಿಂದ ಒಂದು ರೆಕ್ಕೆ. ಆಮೇಲೆ ಎರಡು. ಕತ್ತಲಾದ ಮೇಲೆ ಕೋಳಿ ಶಾಂತವಾಗಿರುತ್ತದೆ, ಶುರುವಿಗೆ ಆ ಹೊತ್ತು ಒಳ್ಳೆಯದು. ಅವರಪ್ಪ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಪೆನ್ನು ಹಿಡಿದು ಜಡ್ಜ್ ಆಗುತ್ತಿದ್ದರು. ಯಾಕೆ ಅಂದರೆ ಬಿಳಿ ಕೋಟಿನ ಅಪರಿಚಿತರನ್ನು ಕಂಡರೆ ಕೋಳಿಗಿಂತ ಮಗುವೇ ಜಾಸ್ತಿ ಹೆದರುತ್ತದೆ. ಪ್ರಶ್ನೆಗಳು ಸಾದಾ ಇರುತ್ತವೆ. ಮೊಟ್ಟೆಗೆ ಎಷ್ಟು ದಿನ ಕಾವು, ನಿನ್ನ ಕೋಳಿಯ ಜುಟ್ಟು ಯಾವ ಬಗೆ, ಕಾಕ್ಸಿಡಿಯೋಸಿಸ್ ಅಂದರೆ ಏನು (ಕೋಳಿಯ ಕರುಳಿಗೆ ಬರುವ ಕಾಯಿಲೆ), ನಿನ್ನ ಕೋಳಿಯಲ್ಲಿ ಏನು ದೋಷ ಇದೆ. ಕೊನೆಯದಕ್ಕೆ ಮಕ್ಕಳು "ಏನೂ ಇಲ್ಲ" ಅಂದುಬಿಡುತ್ತಾರೆ. ಹಾಗೆ ಹೇಳಬಾರದು. ದೋಷವಿಲ್ಲದ ಕೋಳಿ ಇಲ್ಲ, ಅದನ್ನು ಗುರುತಿಸಿ ಹೇಳಿದ ಮಗುವಿಗೇ ಅಂಕ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ತಿಳಿದುಕೊಳ್ಳುತ್ತೇನೆ" ಅನ್ನಲಿ, ಯಾರೂ ಬೈಯುವುದಿಲ್ಲ. ಮತ್ತೆ ಅಪ್ಪ ಅಮ್ಮ ದೂರ ನಿಲ್ಲಬೇಕು. ಬೇಲಿಯಾಚೆಯಿಂದ ತುಟಿ ಅಲ್ಲಾಡಿಸಿ ಉತ್ತರ ಹೇಳಿಕೊಡುವ ಚಟ ನಮ್ಮವರಿಗೆ ಸ್ವಲ್ಪ ಜಾಸ್ತಿ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆರೋಗ್ಯದ ಕಾಗದಪತ್ರ ಬಿಡಬೇಡಿ. ಪುಲೋರಂ ಅನ್ನುವುದು ಸಾಲ್ಮೊನೆಲ್ಲಾ ಜಾತಿಯ ಒಂದು ರೋಗಾಣುವಿನಿಂದ ಬರುವ ಕಾಯಿಲೆ, ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಒಂದು ಕಾಲದಲ್ಲಿ ಇಲ್ಲಿ ಮರಿಗಳು ರಾಶಿ ರಾಶಿ ಸಾಯುತ್ತಿದ್ದವು. ಅದನ್ನು ತಡೆಯಲು 1935ರಲ್ಲಿ ನ್ಯಾಷನಲ್ ಪೌಲ್ಟ್ರಿ ಇಂಪ್ರೂವ್‌ಮೆಂಟ್ ಪ್ಲಾನ್ ಶುರುವಾಯಿತು. ನೀವು ತರುವ ಕೋಳಿ ಆ ಪ್ಲಾನಿನಲ್ಲಿ ಶುದ್ಧ ಅಂತ ದಾಖಲಾದ ಹಿಂಡಿನದಾಗಿರಬೇಕು, ಇಲ್ಲದಿದ್ದರೆ ಫೇರ್‌ಗೆ ಮುಂಚೆ ರಕ್ತ ಪರೀಕ್ಷೆ ಆಗಬೇಕು. ರೆಕ್ಕೆಯ ಕೆಳಗಿನ ರಕ್ತನಾಳಕ್ಕೆ ಸಣ್ಣ ಚುಚ್ಚು, ಗಾಜಿನ ಮೇಲೆ ಒಂದು ಹನಿ ರಕ್ತ, ಅದಕ್ಕೆ ಒಂದು ಹನಿ ನೇರಳೆ ದ್ರಾವಣ. ಒಂದೆರಡು ನಿಮಿಷದಲ್ಲಿ ಮೊಸರು ಒಡೆದ ಹಾಗೆ ಗಂಟು ಕಟ್ಟಿದರೆ ತೊಂದರೆ.

ಹಕ್ಕಿ ಜ್ವರದ ವಿಷಯ ಮಗುವಿಗೆ ಮೊದಲೇ ಹೇಳಿಟ್ಟಿರಿ. 2015ರಲ್ಲಿ ಓಹಾಯೋದಲ್ಲಿ ಒಂದು ಫೇರ್‌ನಲ್ಲೂ ಜೀವಂತ ಕೋಳಿ ತೋರಿಸಲು ಬಿಡಲಿಲ್ಲ. 2022ರಲ್ಲೂ ಹಲವು ರಾಜ್ಯಗಳಲ್ಲಿ ಪ್ರದರ್ಶನ ರದ್ದಾದವು. ಅಂಥ ವರ್ಷ ಮಕ್ಕಳು ಚಾರ್ಟು, ಫೋಟೋ, ಇಲ್ಲವೇ ಗೊಂಬೆ ಕೋಳಿ ಹಿಡಿದು ಶೋಮನ್‌ಶಿಪ್ ಮಾಡುತ್ತಾರೆ. ಮನೆಯಲ್ಲೂ ಅಷ್ಟೇ, ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ. ಐದು ವರ್ಷದೊಳಗಿನ ತಮ್ಮ ತಂಗಿಯರನ್ನು ಮರಿಗಳಿಂದ ದೂರ ಇಡಿ.

ಇನ್ನು ಸ್ನಾನ. ಫೇರ್‌ಗೆ ಎರಡು ಮೂರು ದಿನ ಮುಂಚೆ. ಅಷ್ಟು ಬಿಡುವು ಕೊಟ್ಟರೆ ಕೋಳಿ ತನ್ನ ಬಾಲದ ಬುಡದ ಎಣ್ಣೆಯನ್ನು ಕೊಕ್ಕಿನಿಂದ ಪುಕ್ಕಕ್ಕೆಲ್ಲ ಸವರಿಕೊಂಡು ಹೊಳಪು ತಂದುಕೊಳ್ಳುತ್ತದೆ. ಮೂರು ಬಕೆಟ್ ಉಗುರು ಬೆಚ್ಚಗಿನ ನೀರು. ಮೊದಲನೆಯದರಲ್ಲಿ ಮಕ್ಕಳ ಶಾಂಪೂ, ಪುಕ್ಕ ಇಳಿಜಾರಾಗಿರುವ ದಿಕ್ಕಿನಲ್ಲೇ ಕೈಯಾಡಿಸಬೇಕು, ಬಟ್ಟೆ ಒಗೆದ ಹಾಗೆ ಉಜ್ಜಬಾರದು. ಎರಡನೆಯದರಲ್ಲಿ ಸ್ವಲ್ಪ ವಿನೆಗರ್, ಸೋಪಿನ ಜಿಡ್ಡು ಬಿಡಲಿ ಅಂತ. ಮೂರನೆಯದು ಬರೀ ನೀರು. ಬೆಚ್ಚಗಿನ ನೀರಿನಲ್ಲಿ ಕೋಳಿ ಕಣ್ಣು ಮುಚ್ಚಿ ತೂಕಡಿಸುತ್ತದೆ, ಆಗ ತಲೆ ನೀರಿಗೆ ಬೀಳದ ಹಾಗೆ ಹಿಡಿದಿರಬೇಕು. ಬ್ರಹ್ಮದ ಕಾಲಿಗೆಲ್ಲ ಪುಕ್ಕ, ಅಲ್ಲಿ ಹಿಕ್ಕೆ ಒಣಗಿ ಕಲ್ಲಾಗಿರುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ಷೇ ಗತಿ.

ಬಿಳಿ ಕೋಳಿಗೆ ಕೊನೆಯ ನೀರಿನಲ್ಲಿ ನೀಲಿ ಹಾಕುತ್ತಾರೆ. ಹೌದು, ಬಟ್ಟೆಗೆ ಹಾಕುವ ಅದೇ ನೀಲಿ. ಇದು ನನಗೆ ಗೊತ್ತಿರುವ ವಿದ್ಯೆ ಅಂತ ನಾನು ಮುಂದೆ ನುಗ್ಗಿದೆ. ಅಪ್ಪನ ಪಂಚೆಗೆ ಹಾಕುತ್ತಿದ್ದ ಲೆಕ್ಕದಲ್ಲಿ ಒಂದು ಚಮಚ ಸುರಿದುಬಿಟ್ಟೆ. ಬಕೆಟ್ಟಿಗೆ ಎರಡು ಮೂರು ಹನಿ ಸಾಕಿತ್ತಂತೆ. ಸರಸ್ವತಿ ನೀಲಮೇಘಶ್ಯಾಮಳಾಗಿ ಹೊರಗೆ ಬಂದಳು. ಮಗಳು ಅತ್ತಳು, ಅವರಪ್ಪ ನಕ್ಕರು, ನಾನು ಇನ್ನೆರಡು ಸಲ ಸ್ನಾನ ಮಾಡಿಸಿದೆ. ಫೇರ್ ದಿನ ಬಾಲದ ಬುಡದಲ್ಲಿ ಸ್ವಲ್ಪ ಆಕಾಶದ ಬಣ್ಣ ಉಳಿದೇ ಇತ್ತು. ಅದಕ್ಕೇ ಹೇಳುವುದು, ಒಂದು ತಿಂಗಳ ಮುಂಚೆಯೇ ಒಮ್ಮೆ ಸ್ನಾನ ಮಾಡಿಸಿ ನೋಡಿ. ಒಣಗಿಸಲು ಟವೆಲು, ಆಮೇಲೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ. ಉಗುರು, ಕೊಕ್ಕಿನ ತುದಿ ಒಂಚೂರು ಕತ್ತರಿಸಿ. ಜುಟ್ಟಿಗೆ, ಮುಖಕ್ಕೆ, ಕಾಲಿಗೆ ಬೇಬಿ ಆಯಿಲ್ ತೆಳುವಾಗಿ, ಪುಕ್ಕಕ್ಕೆ ತಾಗದ ಹಾಗೆ. ಬಣ್ಣ ಹಚ್ಚುವುದು, ಬೇಡದ ಬಣ್ಣದ ಗರಿ ಕಿತ್ತು ಹಾಕುವುದು ಮೋಸ, ಸಿಕ್ಕಿಬಿದ್ದರೆ ಹೊರಗೆ.

ಫೇರ್ ದಿನ ಪಂಜರಕ್ಕೆ ಮರದ ಹೊಟ್ಟು, ಕಂಬಿಗೆ ಸಿಕ್ಕಿಸುವ ನೀರಿನ ಕಪ್ಪು, ಮನೆಯ ಆಹಾರ, ಜುಲೈ ಸೆಕೆಗೆ ಒಂದು ಚಿಕ್ಕ ಫ್ಯಾನು ಒಯ್ಯಿರಿ. ರಿಬ್ಬನ್ ಬಣ್ಣ ನೋಡಿ ಗಾಬರಿಯಾಗಬೇಡಿ. ಎಷ್ಟೋ ಕಡೆ ಡ್ಯಾನಿಷ್ ಪದ್ಧತಿ ಇದೆ. ಅದರಲ್ಲಿ ಒಬ್ಬರಿಗೆ ಮಾತ್ರ ನೀಲಿ ಅಂತಿಲ್ಲ. ಒಳ್ಳೆಯ ಮಟ್ಟ ಮುಟ್ಟಿದವರಿಗೆಲ್ಲ ನೀಲಿ, ಅದಕ್ಕಿಂತ ಸ್ವಲ್ಪ ಕಡಿಮೆಗೆ ಕೆಂಪು, ಆಮೇಲೆ ಬಿಳಿ. ಮಗಳಿಗೆ ಮೊದಲ ವರ್ಷ ಶೋಮನ್‌ಶಿಪ್‌ನಲ್ಲಿ ಕೆಂಪು ಬಂತು. ಕಾರಣ ಕೋಳಿ ಅಲ್ಲ, ಇವಳು ಕೋಳಿಯನ್ನು ಬಾಲ ಮೊದಲು ಪಂಜರಕ್ಕೆ ಇಟ್ಟಳು. ಎರಡನೇ ವರ್ಷ ನೀಲಿ. ಜಡ್ಜ್ ಬ್ರಹ್ಮ ಎಲ್ಲಿಯ ಹೆಸರು ಅಂತ ಕೇಳಿದರಂತೆ, ಇವಳು ನದಿಯ ಹೆಸರು ಹೇಳಿ, ಅದರ ಜೊತೆಗೆ ನಾಲ್ಕು ತಲೆಯ ದೇವರ ಕಥೆಯನ್ನೂ ಪೂರ್ತಿ ಹೇಳಿದಳಂತೆ. ಪಾಪ, ಅವರು ನಿಂತು ಕೇಳಿದರು.

ಫೇರ್ ಮುಗಿದು ಮನೆಗೆ ಬಂದ ಕೋಳಿಯನ್ನು ನೇರವಾಗಿ ಗೂಡಿಗೆ ಬಿಡಬೇಡಿ. ನೂರಾರು ಕೋಳಿಗಳ ಪಕ್ಕ ನಾಲ್ಕು ದಿನ ಇದ್ದು ಬಂದಿರುತ್ತದೆ, ಏನು ಹೊತ್ತು ತಂದಿದೆಯೋ. ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಬೇರೆ ಇಡಿ. ಮೊದಲು ಮನೆಯ ಕೋಳಿಗಳಿಗೆ ಕಾಳು ಹಾಕಿ, ಆಮೇಲೆ ಇದರ ಹತ್ತಿರ ಹೋಗಿ, ಚಪ್ಪಲಿ ಬೇರೆ ಇರಲಿ. ಸರಸ್ವತಿ ಆ ನಾಲ್ಕು ವಾರ ನಮ್ಮ ಗ್ಯಾರೇಜಿನಲ್ಲಿ ಇರುತ್ತಾಳೆ. ಕಾರು ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ.